ಕೆರಿಯಪ್ಪನ ಎಡಗಣ್ಣು

ಶಿರಸಿ–ಯಲ್ಲಾಪುರ ಬಸ್ಸಿನ ಡ್ರೈವರ್ ಕೆರಿಯಪ್ಪನಿಗೆ ಎರಡು ದಿನದಿಂದ ಎಡಗಣ್ಣಿನ ಹಿಂದೆ ಒಂದೇ ಸಮನೆ ನೋವು. ಹಣೆಗೆ ಮುಲಾಮು ಹಚ್ಚಿಕೊಂಡೇ ಡ್ಯೂಟಿಗೆ ಬಂದಿದ್ದ. ಯಲ್ಲಾಪುರ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ಕಂಡಕ್ಟರ್ ಲಕ್ಷ್ಮೀ ಅವನ ಮುಖ ನೋಡಿ ಲೋಟ ಕೆಳಗಿಟ್ಟಳು. ಎಡ ರೆಪ್ಪೆ ಅರ್ಧ ಮುಚ್ಚಿತ್ತು.

“ಕೆರಿಯಣ್ಣ, ಕಣ್ಣಿಗೆ ಎಂತ ಆಯ್ತು?”

“ಎಂತದೂ ಇಲ್ಲ ಮಾರಾಯ್ತಿ, ನಿದ್ದೆ ಸಾಲದು.” ಆಮೇಲೆ ದನಿ ತಗ್ಗಿಸಿದ. “ಮಂಚಿಕೇರಿ ಹತ್ರ ಎದುರು ಬಂದ ಲಾರಿ ಎರಡಾಗಿ ಕಂಡ್ತು. ಯಾರಿಗೂ ಹೇಳ್ಬೇಡ.”

ಬಸ್ಸಿನಲ್ಲಿ ಆಗಲೇ ನಲವತ್ತು ಜನ ಕೂತಿದ್ದರು. ಲಕ್ಷ್ಮೀ ನೇರ ನಿಲ್ದಾಣದ ಕಂಟ್ರೋಲರ್ ಬಳಿ ಹೋಗಿ ಹೇಳಿಬಿಟ್ಟಳು. ಬದಲಿ ಡ್ರೈವರ್ ಬಂದ. ಇಪ್ಪತ್ತೆರಡು ವರ್ಷ ಒಂದೂ ಅಪಘಾತ ಮಾಡದ ಕೆರಿಯಪ್ಪ ತನ್ನದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಶಿರಸಿಗೆ ಬಂದ. ಟಿಕೆಟ್ ಕೊಡುತ್ತ ಲಕ್ಷ್ಮೀ ಹತ್ತಿರ ಬಂದಾಗ ಕಿಟಕಿಯತ್ತ ಮುಖ ತಿರುಗಿಸಿದ.

ಹೆಂಡತಿ ಗಂಗೆ ಅವನನ್ನು ಕಣ್ಣಿನ ಡಾಕ್ಟರ್ ಅಭಿಜ್ಞಾ ಅವರಲ್ಲಿಗೆ ಕರೆದೊಯ್ದಳು. ಅವರು ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಬಲಗಣ್ಣಿನ ಪಾಪೆ ಕಿರಿದಾಯಿತು. ಎಡಗಣ್ಣಿನದು ಅಗಲವಾಗಿಯೇ ಉಳಿಯಿತು.

“ಇದು ಕಣ್ಣಿನ ಕಾಯಿಲೆ ಅಲ್ಲ. ಮಿದುಳಿನ ರಕ್ತನಾಳ ಉಬ್ಬಿ ಕಣ್ಣಿನ ನರ ಒತ್ತುತ್ತಾ ಇರಬಹುದು. ನಾಳೆ ಅನ್ನಬೇಡಿ, ಈಗಲೇ ಹುಬ್ಬಳ್ಳಿಗೆ ಹೊರಡಿ. ನಾನು ಫೋನ್ ಮಾಡಿ ಹೇಳ್ತೇನೆ.”

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಿ.ಟಿ. ಆಂಜಿಯೋಗ್ರಫಿ ಮಾಡಿದರು. ರಕ್ತನಾಳಗಳು ಚಿತ್ರದಲ್ಲಿ ಎದ್ದು ಕಾಣಲೆಂದು ಕೈಗೆ ಔಷಧಿ ಚುಚ್ಚಿದಾಗ ಮೈಯೆಲ್ಲ ಬಿಸಿಯಾಯಿತು. ಯಂತ್ರ ತಲೆಯ ಸುತ್ತ ಗಿರ್ರೆಂದಿತು. ಹತ್ತು ನಿಮಿಷದಲ್ಲಿ ಮುಗಿಯಿತು. ಡಾಕ್ಟರ್ ಕಿಶೋರ ಪರದೆಯ ಮೇಲೆ ರಕ್ತನಾಳ ಉಬ್ಬಿದ ಜಾಗಕ್ಕೆ ಬೆರಳಿಟ್ಟು ತೋರಿಸಿದರು.

“ಟೈರ್ ಉಬ್ಬಿದಂಗೆ ಕಾಣ್ತದೆ ಸಾರ್,” ಎಂದ ಕೆರಿಯಪ್ಪ.

“ಹಂಗೇ ಅಂತ ತಿಳೀರಿ. ಒಡಿಯೂದ್ರೊಳಗ ಬಂದೀರಿ, ಅದ ದೊಡ್ಡ ಪುಣ್ಯ.”

“ತಲೆ ಕೊಯ್ತೀರಾ?” ಗಂಗೆ ಕೇಳಿದಳು.

“ಇಲ್ಲಮ್ಮಾ. ತೊಡಿ ರಕ್ತನಾಳದಿಂದ ಸಣ್ಣ ನಳಿಗಿ ಅಲ್ಲೀತನಕ ಒಯ್ದು, ಉಬ್ಬಿದ ಜಾಗಾದಾಗ ಎಳಿಯಂಥ ತಂತಿ ಸುತ್ತಿ ತುಂಬತೀವಿ. ರಕ್ತ ಒಳಗ ನುಗ್ಗಂಗಿಲ್ಲ.”

ಒಳಗೆ ಕರೆದೊಯ್ಯುವ ಮುಂಚೆ ಕೆರಿಯಪ್ಪ ಲಕ್ಷ್ಮೀಗೆ ಫೋನ್ ಮಾಡಿದ. “ನಿನ್ನ ಮೇಲೆ ಸಿಟ್ಟು ಬಂದಿತ್ತು ತಂಗಿ. ಈಗ ಇಲ್ಲ.” “ಹುಷಾರಾಗಿ ಬನ್ನಿ ಅಣ್ಣ,” ಅಂದಳು ಅವಳು.

ಮೂರು ತಾಸಿನ ಮೇಲೆ ಎಚ್ಚರವಾದಾಗ ಅವನು ಕೈಕಾಲು ಆಡಿಸಿದ, ಗಂಗೆಯ ಹೆಸರು ಹಿಡಿದು ಕರೆದ. ರೆಪ್ಪೆ ಮಾತ್ರ ಕೂಡಲೇ ಏಳಲಿಲ್ಲ. ವಾರವಾರಕ್ಕೂ ಕೂದಲೆಳೆಯಷ್ಟು ಮೇಲೆ ಹೋಗುತ್ತ, ಮೂರನೆಯ ತಿಂಗಳಿಗೆ ಪೂರ್ತಿ ತೆರೆಯಿತು.

ಆರು ತಿಂಗಳಿಗೆ ಹುಬ್ಬಳ್ಳಿಯಲ್ಲಿ ಮತ್ತೆ ಚಿತ್ರ ತೆಗೆದರು. ಉಬ್ಬಿದ ಜಾಗಕ್ಕೆ ಒಂದು ಹನಿ ರಕ್ತವೂ ಹೋಗುತ್ತಿರಲಿಲ್ಲ.

“ಬಸ್ಸು ಓಡಿಸಬಹುದಾ ಸಾರ್?”

“ಕಣ್ಣಿನ ಪರೀಕ್ಷೆ ಇನ್ನೊಮ್ಮೆ ಆಗ್ಲಿ. ನನಗಂತೂ ಭರವಸಿ ಐತಿ,” ಅಂದರು ಡಾಕ್ಟರ್ ಕಿಶೋರ.

ಹೊರಗೆ ಬಂದವಳೇ ಗಂಗೆ ಊಟ ಮಾಡೋಣ ಎಂದಳು. ಬೆಳಗಿನಿಂದ ಇಬ್ಬರೂ ಏನೂ ತಿಂದಿರಲಿಲ್ಲ.