ತಂಗಿಯ ತಲೆನೋವು ನಿಂತ ಮೇಲೆ

ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಗಡಿಯಾರಕ್ಕೆ ಬೆಲೆ ಇರಲಿಲ್ಲ. ಬೆಲೆ ಇದ್ದದ್ದು ನನ್ನ ತಂಗಿಯ ತಲೆಗೆ.

ಮೀನಿನ ಪೆಟ್ಟಿಗೆ ಜೋಡಿಸುವ ಫ್ರೀಜರ್ ಕೋಣೆಗೆ ಹೋದವರು ಎಷ್ಟು ಹೊತ್ತಿಗೆ ಹೊರಗೆ ಬರಬೇಕೆಂದು ಗೋಡೆಯ ಮೇಲೆ ಒಂದು ಬೋರ್ಡು ಇತ್ತು. ಅದರ ಮೇಲೆ ಮಂಜು ಗಟ್ಟಿಯಾಗಿ ಕೂತು ಅಕ್ಷರಗಳೇ ಕಾಣುತ್ತಿರಲಿಲ್ಲ. ಕೆರೆದು ತೆಗೆಯುವ ಉಸಾಬರಿಗೆ ಯಾರೂ ಹೋಗಿರಲಿಲ್ಲ. ಚಳಿಗೊಂದು ಕೆಟ್ಟ ಗುಣವಿದೆ. ಮೊದಲು ಕಚ್ಚುತ್ತದೆ, ಆಮೇಲೆ ಜೋಮು ಹಿಡಿಸಿ ಏನೂ ಆಗಿಲ್ಲವೆಂದು ನಂಬಿಸುತ್ತದೆ. ಹಾಗೆ ನಂಬಿ ಕೆಟ್ಟವರನ್ನು ನಾವು ನೋಡಿದ್ದೆವು. ಆದರೆ ತಂಗಿಯ ತಲೆ ಈ ಆಟಕ್ಕೆಲ್ಲ ಜಗ್ಗುತ್ತಿರಲಿಲ್ಲ. ಚಳಿ ಮಿತಿ ಮೀರುವ ಮೊದಲೇ ಅವಳ ಎಡಹುಬ್ಬಿನ ಮೇಲಿನ ನರ ಬಿಗಿಯುತ್ತಿತ್ತು. "ಅಕ್ಕಾ, ಎಳೀತಿದೆ" ಅನ್ನುತ್ತಿದ್ದಳು. ಅಷ್ಟಂದರೆ ಸಾಕು, ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಎಲ್ಲರೂ ಬಾಗಿಲ ಕಡೆ ನಡೆಯುತ್ತಿದ್ದೆವು. ಹೊಸದಾಗಿ ಬಂದವರಿಗೂ ಸೂಪರ್‌ವೈಸರ್ ಇದನ್ನೇ ಹೇಳಿಕೊಡುತ್ತಿದ್ದ: "ಪುಟ್ಟಿ ಹೊರಟ್ಲಾ, ನೀವೂ ಹೊರಡಿ."

ನಾವು ಹೊರಗೆ ಬಂದು ಚಹಾ ಕುಡಿಯುವಾಗ ಪುಟ್ಟಿ ಬಟ್ಟೆ ಬದಲಿಸುವ ಕೋಣೆಯಲ್ಲಿ ದೀಪ ಆರಿಸಿ, ಬಕೆಟ್ ಪಕ್ಕಕ್ಕಿಟ್ಟುಕೊಂಡು ಮಲಗಿರುತ್ತಿದ್ದಳು. ವಾಂತಿಯಾಗುತ್ತಿತ್ತು. ಬೆಳಕು ಬೇಡ, ಮಾತು ಬೇಡ. ನಮ್ಮ ತಂಡದಲ್ಲಿ ಕಡ್ಡಿಯಂತಿದ್ದ ಒಬ್ಬನಿಗೆ ದಪ್ಪಣ್ಣ ಎಂದು ಹೆಸರಿಟ್ಟಿದ್ದೆವು; ಆ ದಪ್ಪಣ್ಣ ಹೊರಗೆ ಚಮಚ ಅಲ್ಲಾಡಿಸಿದರೂ ಒಳಗಿನಿಂದ ನರಳುತ್ತಿದ್ದಳು. ಮನೆಯಲ್ಲಿ ಅವಳ ಏಳು ವರ್ಷದ ಮಗಳಿಗೆ ತುದಿಗಾಲಲ್ಲಿ ನಡೆದೇ ರೂಢಿ. ತಲೆ ಬಾಚಲು ಹೋದರೆ ಬಾಚಣಿಗೆಯ ಹಲ್ಲು ತಾಗಿದ್ದಕ್ಕೇ ಪುಟ್ಟಿಯ ಕಣ್ಣಲ್ಲಿ ನೀರು ಬರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಆಗ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ.

ಹೊಸ ಮಾತ್ರೆಯೊಂದನ್ನು ಪರೀಕ್ಷೆ ಮಾಡುತ್ತಿದ್ದಾರೆ, ಒಪ್ಪಿದವರಿಗೆ ಕೊಡುತ್ತಾರೆ ಎಂದು ಕೇಳಿ ಅವಳನ್ನು ಕರೆದುಕೊಂಡು ಹೋದದ್ದು ನಾನೇ. ಡಾಕ್ಟರಮ್ಮ ಒಳ್ಳೆಯವರು, ಅವಸರ ಮಾಡಲಿಲ್ಲ. ಪುಟ್ಟಿಯ ಮುಂಗೈಗೆ ಸ್ವಲ್ಪ ಪುದೀನಾ ಮುಲಾಮು ಹಚ್ಚಿದರು.

"ಹೇಗಿದೆ?"

"ತಣ್ಣಗಿದೆ."

"ಮುಲಾಮು ತಣ್ಣಗಿಲ್ಲ. ಡಬ್ಬಿ ಮುಟ್ಟಿ ನೋಡಿ, ರೂಮಿನಷ್ಟೇ ಬೆಚ್ಚಗಿದೆ." ಡಾಕ್ಟರಮ್ಮ ನಕ್ಕರು. "ನರದ ತುದೀಲಿ ಸಣ್ಣ ಸಣ್ಣ ಬಾಗಿಲು ಇರುತ್ವೆ. ಚಳಿ ತಾಗಿದ್ರೆ ತೆರೀತವೆ, ಚಳಿ ಅಂತ ಮೆದುಳಿಗೆ ಸುದ್ದಿ ಹೋಗುತ್ತೆ. ಪುದೀನಾ ಅದೇ ಬಾಗಿಲನ್ನ ಮೋಸ ಮಾಡಿ ತೆಗೆಸುತ್ತೆ. ಇಂಥವೇ ಬಾಗಿಲು ಮೆದುಳಿನ ಹೊದಿಕೆಗೆ ಬರೋ ನರದಲ್ಲೂ ಇವೆ. ಕೆಲವರಲ್ಲಿ ಅದರ ಅಗುಳಿ ಸಡಿಲ ಇರಬಹುದು, ಸ್ವಲ್ಪ ಗಾಳಿ ಬೀಸಿದ್ರೂ ಬಡ್ಕೊಳ್ಳುತ್ತೆ. ನಿಮ್ಮ ತಲೆನೋವು ಅದರಿಂದಲೇ ಶುರುವಾಗ್ತಿದೆಯಾ ಅಂತ ನೋಡಬೇಕು. ಈ ಮಾತ್ರೆ ಆ ಬಾಗಿಲನ್ನ ಮುಚ್ಚುತ್ತೆ."

"ಪೂರ್ತಿ ಮುಚ್ಚುತ್ತಾ?" ನಾನು ಕೇಳಿದೆ.

"ಮೈಗೆ ಚಳಿ ಗೊತ್ತಾಗೋದು ಕಮ್ಮಿ ಆಗುತ್ತೆ. ಕೆಲವರಿಗೆ ಸೆಕೆ ಆದ ಹಾಗೂ ಅನ್ಸುತ್ತೆ. ಅದಕ್ಕೇ ಚಳೀಲಿ ಕೆಲಸ ಮಾಡೋರನ್ನ ನಾವು ತಗೊಳ್ಳೋದಿಲ್ಲ. ನೀವೇನು ಕೆಲಸ ಮಾಡ್ತೀರಿ?"

"ಪ್ಯಾಕಿಂಗು" ಅಂದಳು ಪುಟ್ಟಿ. ಮೇಜಿನ ಕೆಳಗೆ ನನ್ನ ಪಾದವನ್ನು ಚಪ್ಪಲಿಯಿಂದ ಒತ್ತಿ ಹಿಡಿದಿದ್ದಳು.

ಹೊರಗೆ ಬಂದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ, "ಅಕ್ಕಾ, ಈ ತಲೇನ ನೀನು ಒಂದೇ ಒಂದು ದಿನ ಇಟ್ಕೋ. ಆಮೇಲೆ ಹೋಗಿ ಹೇಳು" ಅಂದಳು.

ಮಾತ್ರೆ ಕೆಲಸ ಮಾಡಿತು. ಅದನ್ನು ಸುಳ್ಳೆಂದು ಹೇಳಲಾರೆ. ಆ ತಿಂಗಳು ಪುಟ್ಟಿ ಒಮ್ಮೆಯೂ ಬಕೆಟ್ ಮುಟ್ಟಲಿಲ್ಲ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಹತ್ತು ಬೆರಳೂ ಆಡಿಸಿ ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು, ಅದನ್ನು ಬಿಚ್ಚಿ ಇನ್ನೊಂದು ತರಹ ಹೆಣೆಯುತ್ತಿದ್ದಳು. ಮಗು ಮನೆಯೊಳಗೆ ಧಡಧಡನೆ ಓಡಿದರೂ ಬೈಯುತ್ತಿರಲಿಲ್ಲ. ಒಂದು ಭಾನುವಾರ ತಾನಾಗಿ ನನ್ನ ಮುಂದೆ ಕೂತು, "ಬಾಚು, ಅಕ್ಕಾ" ಅಂದಳು. ಬಾಚುತ್ತ ಬಾಚುತ್ತ ನನಗೆ ಅಳು ಬಂತು. ನೆತ್ತಿಯ ಮೇಲೆ ಹನಿ ಬಿದ್ದರೂ ಅವಳಿಗೆ ಗೊತ್ತಾಗಲಿಲ್ಲ.

ಆದರೆ ಬೇರೆ ಕೆಲವು ಸಂಗತಿಗಳು ನನ್ನ ಕಣ್ಣಿಗೆ ಬೀಳತೊಡಗಿದವು. ಮಗಳು ಕೊಟ್ಟ ಪೆಪ್ಪರಮಿಂಟನ್ನು ಚೀಪಿ, "ಬರೀ ಸಕ್ಕರೆ ಕಣೇ ಇದು" ಅಂದಳು. ನಾವೆಲ್ಲ ಮುಟ್ಟಿ ಕೈ ಹಿಂದೆಗೆಯುವಂಥ ನೀರಿನಲ್ಲಿ ಮೊಣಕೈವರೆಗೆ ಅದ್ದಿ ಪಾತ್ರೆ ತೊಳೆದಳು. ಅವಳ ಕೈ ಹಿಡಿದರೆ ಮಾರ್ಬಲ್ ಮುಟ್ಟಿದಂತಾಗುತ್ತಿತ್ತು. ಅವಳು ಮಾತ್ರ ಕಿಟಕಿ ತೆಗೆಯುತ್ತಿದ್ದಳು. ಫ್ರೀಜರಿನೊಳಗೆ ಒಂದು ದಿನ ಜಾಕೆಟ್ಟಿನ ಕುತ್ತಿಗೆಯ ಜಿಪ್ ಇಳಿಸಿಕೊಂಡು ನಿಂತಿದ್ದಳು. ನಾನೇ ಹೋಗಿ ಅದನ್ನು ಕುತ್ತಿಗೆವರೆಗೆ ಎಳೆದೆ.

"ಡಾಕ್ಟರಮ್ಮಂಗೆ ಫೋನ್ ಮಾಡ್ತೀನಿ ನೋಡು" ಅಂದೆ.

"ಮಾಡು. ಮಾತ್ರೆ ಕಿತ್ಕೋತಾರೆ. ಮತ್ತೆ ಆ ಕತ್ತಲೆ ಕೋಣೇಲಿ ನನ್ನ ಮಲಗಿಸು."

"ಹಾಗಿದ್ರೆ ಕೆಲಸ ಬಿಡು."

"ಬಿಟ್ಟು? ನಿನ್ನ ಸಂಬಳದಲ್ಲಿ ಮೂರು ಹೊಟ್ಟೆ ತುಂಬುತ್ತಾ? ಹುಷಾರಾಗಿರ್ತೀನಿ ಬಿಡು, ನಾನೇನು ಎಳೇ ಕೂಸಾ?" ಎಂದು ನನ್ನ ಕೆನ್ನೆ ಹಿಂಡಿದಳು. ಆ ಬೆರಳುಗಳ ತಣುಪು ಕೆನ್ನೆಯಲ್ಲಿ ಬಹಳ ಹೊತ್ತು ಉಳಿಯಿತು.

ನಾನು ಫೋನ್ ಮಾಡಲಿಲ್ಲ. ಬದಲಿಗೆ ಅವಳ ಬೆನ್ನಿಗೆ ಅಂಟಿಕೊಂಡೇ ಇದ್ದೆ. ಹೊತ್ತು ನೋಡಿ "ನಡಿ ಹೊರಗೆ" ಎಂದು ಗದರಿಸುವ ಕೆಲಸ ನನ್ನದಾಯಿತು. ತಂಡದ ಉಳಿದವರಿಗೆ ಇದೊಂದೂ ಗೊತ್ತಿರಲಿಲ್ಲ. ತಲೆನೋವು ಕಮ್ಮಿಯಾಗಿದೆ ಎಂದಷ್ಟೇ ಪುಟ್ಟಿ ಹೇಳಿಕೊಂಡಿದ್ದಳು. ಅವಳು ಹೊರಟರೆ ಅವರೂ ಮೊದಲಿನಂತೆ ಹಿಂದೆಯೇ ಹೊರಡುತ್ತಿದ್ದರು.

ಆ ದಿನ ಬೆಳಿಗ್ಗೆ ಎರಡು ಲಾರಿ ಒಟ್ಟಿಗೆ ಬಂದವು. ಸೂಪರ್‌ವೈಸರ್ ನನ್ನನ್ನು ತೂಕದ ಕಡೆಗೆ ಹಾಕಿ, ಒಳಗೆ ಜೋಡಿಸಲು ಪುಟ್ಟಿ ಮತ್ತು ದಪ್ಪಣ್ಣನನ್ನು ಕಳಿಸಿದ. "ನಾನೂ ಒಳಗೆ ಹೋಗ್ತೀನಿ" ಅಂದೆ. "ಪುಟ್ಟಿ ಇದ್ದಾಳಲ್ಲ, ಇನ್ನೇನು ಭಯ?" ಅಂದ ಪುಣ್ಯಾತ್ಮ. ಅಷ್ಟರಲ್ಲಿ ಲಾರಿ ಡ್ರೈವರ್ ತೂಕ ಸರಿಯಿಲ್ಲವೆಂದು ತಗಾದೆ ತೆಗೆದ. ನಾನು ಅವನ ಜೊತೆ ಜಗಳಕ್ಕೆ ನಿಂತೆ, ಅದೂ ಮೈಮೇಲೆ ಬಂದವಳ ಹಾಗೆ. ಜಗಳ ಮುಗಿದು ತಿರುಗಿ ನೋಡಿದಾಗ ಫ್ರೀಜರಿನ ಬಾಗಿಲು ಇನ್ನೂ ಮುಚ್ಚಿಯೇ ಇತ್ತು.

ಓಡಿದೆ. ಒಳಗೆ ಹೊಗೆಯಂತೆ ಮಂಜು. ದಪ್ಪಣ್ಣ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತಿದ್ದ, ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. "ಪುಟ್ಟಿ... ಇನ್ನೂ... ಹೇಳಿಲ್ಲ, ಅಕ್ಕ" ಅಂದ. ನಾಲಿಗೆ ತೊದಲುತ್ತಿತ್ತು. ಚಳಿ ಕಚ್ಚಿ ಕೊಂದರೂ ಆ ಬಡಪಾಯಿ ಅವಳ ಒಂದು ಮಾತಿಗೆ ಕಾದು ಕೂತಿದ್ದ.

ಆಚೆ ಸಾಲಿನಲ್ಲಿ ಪುಟ್ಟಿ ಏನೋ ಗುನುಗುತ್ತ ಪೆಟ್ಟಿಗೆ ಎತ್ತಿಡುತ್ತಿದ್ದಳು. ಜಾಕೆಟ್ ಕಬ್ಬಿಣದ ರ‍್ಯಾಕಿನ ಮೇಲೆ ನೇತಾಡುತ್ತಿತ್ತು. ಕೈಗವಸು ನೆಲದ ಮೇಲೆ ಬಿದ್ದಿತ್ತು. ಬರಿಗೈ.

"ಬಂದ್ಯಾ ಅಕ್ಕಾ? ಇವತ್ತು ಏನು ಸೆಕೆ!" ಅಂದಳು ನಗುತ್ತ.

ಅವಳ ಬೆರಳುಗಳು ಮೇಣದಬತ್ತಿಯಂತೆ ಬೆಳ್ಳಗಿದ್ದವು. ಹಿಡಿದು ಒತ್ತಿದೆ. ಒತ್ತಿದ ಜಾಗ ತಗ್ಗಲಿಲ್ಲ, ಮರದಂತೆ ಗಟ್ಟಿಯಾಗಿತ್ತು.

ಇಬ್ಬರನ್ನೂ ಎಳೆದುಕೊಂಡು ಹೊರಗೆ ತಂದೆವು. ಕಂಬಳಿ ಹೊದಿಸಿದೆವು, ಸೂಪರ್‌ವೈಸರ್ ಆಂಬುಲೆನ್ಸಿಗೆ ಫೋನ್ ಮಾಡಿದ. ಹದವಾದ ಬಿಸಿನೀರನ್ನು ಟಬ್ಬಿಗೆ ಸುರಿದು ಇಬ್ಬರ ಕೈಗಳನ್ನೂ ಅದರಲ್ಲಿ ಅದ್ದಿಸಿದೆ. ಸ್ವಲ್ಪ ಹೊತ್ತಿಗೆ ದಪ್ಪಣ್ಣ ಕಿರುಚತೊಡಗಿದ. ರಕ್ತ ಮರಳಿ ಹರಿಯುವಾಗಿನ ನೋವು ಅದು. ಬೆರಳಿಗೆ ಬೆಂಕಿ ಇಟ್ಟ ಹಾಗಿರುತ್ತದೆ, ನನಗೆ ಗೊತ್ತು. ಗಂಡಸು ಮಗುವಿನಂತೆ ಅಮ್ಮಾ ಅಮ್ಮಾ ಎಂದು ಅತ್ತ.

ಅದೇ ಟಬ್ಬಿನಲ್ಲಿ ಕೈ ಇಟ್ಟುಕೊಂಡ ಪುಟ್ಟಿ ಅವನ ಕಡೆಗೆ ಕನಿಕರದಿಂದ ನೋಡುತ್ತಿದ್ದಳು. "ಪಾಪ, ತುಂಬಾ ನೋಯ್ತಿದ್ಯಾ ದಪ್ಪಣ್ಣ?" ಅಂದಳು.

ನಾನು ಮೂಲೆಗೆ ಹೋಗಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ, ಎಂಥ ಪ್ಯಾಕಿಂಗು ಅನ್ನುವುದನ್ನೂ ಹೇಳಿದೆ. ಅವರು ಬೈಯಲಿಲ್ಲ.

"ಕೈ ಬಿಸಿನೀರಲ್ಲಿದೆಯಾ? ಎಷ್ಟು ನೋಯ್ತಿದೆಯಂತೆ?"

"ನೋವೇ ಇಲ್ಲ ಡಾಕ್ಟ್ರೇ." ಹಾಗೆ ಹೇಳುವಾಗ ನನ್ನ ದನಿಯಲ್ಲಿ ಆಸೆಯಿತ್ತು. "ಮಾತ್ರೆ ತಗೊಂಡಿದಾಳಲ್ಲ, ಅದಕ್ಕೇ ಗೊತ್ತಾಗ್ತಿಲ್ಲ, ಅಲ್ವಾ? ಮಾತ್ರೆಯಿಂದಲೇ ಅಲ್ವಾ?"

ಹಿಂದೆ ದಪ್ಪಣ್ಣ ಅಳುವುದು ಅವರಿಗೂ ಕೇಳಿಸುತ್ತಿದ್ದಿರಬೇಕು.

"ಆ ಮಾತ್ರೆ ಚಳೀನ ಮಾತ್ರ ಮುಚ್ಚುತ್ತೆ. ಈ ನೋವು ಬೇರೆ ದಾರೀಲಿ ಬರೋದು, ಅದನ್ನ ಮಾತ್ರೆ ತಡೆಯೋದಿಲ್ಲ" ಅಂದರು. "ಬೆರಳಲ್ಲಿ ಜೀವ ಇದ್ದಿದ್ರೆ ಇಷ್ಟು ಹೊತ್ತಿಗೆ ನೋಯ್ಬೇಕಿತ್ತು. ಬೇಗ ಆಸ್ಪತ್ರೆಗೆ ಕರ್ಕೊಂಡು ಬನ್ನಿ."

ಮತ್ತೆ ಟಬ್ಬಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತೆ. ದಪ್ಪಣ್ಣನ ಬೆರಳು ಕೆಂಪಗೆ ಊದಿಕೊಳ್ಳುತ್ತಿದ್ದವು. ಪುಟ್ಟಿಯ ಹತ್ತೂ ಬೆರಳು ನೀರಿನ ತಳದಲ್ಲಿ ಬೆಳ್ಳಗೆ ಸುಮ್ಮನಿದ್ದವು.

"ನೋಯ್ತಿಲ್ವಾ ಪುಟ್ಟೀ? ಸ್ವಲ್ಪವೂ? ಸರಿಯಾಗಿ ನೋಡ್ಕೊಂಡು ಹೇಳು."

"ಇಲ್ಲ ಅಂದ್ನಲ್ಲ. ನೀನ್ಯಾಕೆ ಅಳ್ತೀಯಾ?" ನನ್ನ ಮುಖಕ್ಕೆ ಮುಖ ತಂದು ಪಿಸುಗುಟ್ಟಿದಳು. "ಡಾಕ್ಟರಮ್ಮ ಏನಂದ್ರು? ಮಾತ್ರೆ ನಿಲ್ಲಿಸ್ತಾರಂತಾ? ಹಾಗೆ ಮಾಡ್ಬೇಡಿ ಅಂತ ಹೇಳಕ್ಕಾ. ಇಷ್ಟು ಹೊತ್ತು ಒಳಗಿದ್ನಲ್ಲ, ಒಂದು ಸಲವೂ ಎಳೀಲಿಲ್ಲ."