ಫುಲ್ ತೋರಿಸುವ ಬ್ಯಾಟರಿ

ನಮ್ಮ ಮನೆಯವರಿಗೆ ತಲೆಸುತ್ತು ಬರುತ್ತದೆ ಎಂಬುದು ಅವರು ನನಗೆ ಹೇಳಿದ್ದಲ್ಲ, ನಾನೇ ಕಂಡುಹಿಡಿದದ್ದು. ಊಟ ಮಾಡಿ ಏಳುವಾಗ ಗೋಡೆ ಹಿಡಿಯುತ್ತಿದ್ದರು. ಹಾಸಿಗೆಯಿಂದ ಎದ್ದವರು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಏನಾಯಿತೆಂದು ಕೇಳಿದರೆ ಏನಿಲ್ಲ ಎನ್ನುವರು, ಮತ್ತೆ ಕೇಳಿದರೆ ರೇಗುವರು. ಬೇರೆಯವರ ಗಂಡಂದಿರಿಗೆ ತಲೆ ಸುತ್ತಿದರೆ ನೆಲದ ಮೇಲೆ ಬೀಳುತ್ತಾರೆ, ಎಬ್ಬಿಸಿ ನೀರು ಕೊಡಬಹುದು. ನನ್ನ ಗಂಡ ಹತ್ತುವುದು ಗಾಳಿ ಫ್ಯಾನಿನ ಕಂಬ.

ಯಲಬುರ್ಗಾದ ಆಚೆ ನಮ್ಮೂರ ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ನಾವೆಲ್ಲ ಅವಕ್ಕೆ ಫ್ಯಾನು ಎನ್ನುತ್ತೇವೆ. ಇವರ ಹೆಸರು ಮಾಂತೇಶ. ಬಾಯಲ್ಲಿ ಹೇಳುವುದಿಲ್ಲ, ಬರೆದರೆ ತಪ್ಪೇನಿಲ್ಲ. ಶುರುವಿನಿಂದಲೂ ಫ್ಯಾನಿನ ರಿಪೇರಿ ಕೆಲಸ ಇವರದೇ. ಮೇಲೆ ರೆಕ್ಕೆಗಳು ಕೂಡುವ ಮೂತಿಯೊಳಗೆ ಒಂದೊಂದು ರೆಕ್ಕೆಗೆ ಒಂದೊಂದು ಬ್ಯಾಟರಿ ಪೆಟ್ಟಿಗೆ ಇರುತ್ತದೆ. ಲೈನು ಕಡಿದು ಕರೆಂಟು ಹೋದರೆ ಆ ಬ್ಯಾಟರಿಯೇ ರೆಕ್ಕೆಯನ್ನು ಗಾಳಿಗೆ ಓರೆ ಮಾಡಿ ಫ್ಯಾನು ನಿಲ್ಲಿಸಬೇಕು, ಇಲ್ಲದಿದ್ದರೆ ಅದು ಹುಚ್ಚೆದ್ದು ತಿರುಗುತ್ತದೆ. ನಮ್ಮ ಬಿಸಿಲಿಗೆ ಬ್ಯಾಟರಿ ಎರಡು ಬೇಸಿಗೆ ತಾಳಿದರೆ ಹೆಚ್ಚು. ಹಾಗಾಗಿ ನೋಡುವುದಕ್ಕೆ ಹತ್ತಬೇಕು, ಬದಲಿಸುವುದಕ್ಕೆ ಹತ್ತಬೇಕು.

ಹೋದ ವರ್ಷ ಕಂಪನಿಯವರು ಒಂದು ಫ್ಯಾನಿನ ಬ್ಯಾಟರಿ ತೆಗೆದು, ಅದರಂತೆಯೇ ಕರೆಂಟು ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರ್ ಎಂಬುದನ್ನು ಕೂರಿಸಿದರು. ಅದು ಬಿಸಿಲಿಗೆ ಬೇಗ ಮುಪ್ಪಾಗುವುದಿಲ್ಲ, ಪದೇ ಪದೇ ಹತ್ತಬೇಕಿಲ್ಲ ಎಂದು ಕೇಳಿದ್ದೇ ತಡ, ನಾನು ಕೆಪ್ಯಾಸಿಟರ್ ಪಕ್ಷ ಸೇರಿದೆ. ಅದು ಕಪ್ಪಗಿದೆಯೋ ಬೆಳ್ಳಗಿದೆಯೋ ನೋಡಿರಲಿಲ್ಲ. ಇವರು ಬ್ಯಾಟರಿ ಪಕ್ಷ. ಕೆಪ್ಯಾಸಿಟರ್‌ನ ಹೊಟ್ಟೆ ಸಣ್ಣದು, ರೆಕ್ಕೆಯನ್ನು ಒಂದೆರಡು ಸಲ ತಿರುಗಿಸುವಷ್ಟರಲ್ಲಿ ಖಾಲಿ, ಅಷ್ಟೇ ಜಾಗದಲ್ಲಿ ಬ್ಯಾಟರಿ ಎಷ್ಟೋ ಪಟ್ಟು ಹಿಡಿಯುತ್ತದೆ ಎಂದು ರೊಟ್ಟಿ ಮುರಿಯುತ್ತಾ ವಾದಿಸುವರು. ನೆಲದೊಳಗಿನ ಹಗೇವಿನ ತುಂಬಾ ಜೋಳ ಇದ್ದರೇನು, ಗಂಟಲಲ್ಲಿ ತುತ್ತು ಸಿಕ್ಕಿದಾಗ ಕೈಗೆಟುಕುವ ತಂಬಿಗೆ ನೀರೇ ಬೇಕು ಎಂದು ನಾನು. ನೀನು ಇಂಜಿನಿಯರ್ ಆಗಬೇಕಿತ್ತು ಎಂದು ನಗುವರು. ನಗುತ್ತಾ ಏಳುವಾಗಲೂ ಕೈ ಗೋಡೆಯ ಮೇಲೇ ಇರುತ್ತಿತ್ತು.

ಫ್ಯಾನಿನ ಇಂಜಿನಿಯರ್ ವಾಹೀದ ಅವರ ಊರು ಗಂಗಾವತಿ, ನನಗೆ ತಮ್ಮನಾಗುವಷ್ಟು ವಯಸ್ಸು, ಅಕ್ಕಾ ಎನ್ನುತ್ತಾರೆ. ಎರಡು ನಮೂನೆಯ ಫ್ಯಾನನ್ನೂ ಅಕ್ಕಪಕ್ಕದಲ್ಲಿ ಪರೀಕ್ಷೆ ಮಾಡುವ ದಿನ ಬುತ್ತಿ ಕಟ್ಟಿಕೊಂಡು ನಾನೂ ಗುಡ್ಡ ಹತ್ತಿದೆ. ಬುತ್ತಿ ಬರೀ ನೆಪ. ವಾಹೀದ ಅವರನ್ನು ಬದಿಗೆ ಕರೆದು ತಲೆಸುತ್ತಿನ ವಿಷಯ ಹೇಳಿಬಿಡುವುದೆಂದು ನಿಶ್ಚಯ ಮಾಡಿದ್ದೆ. ಗೊತ್ತಾದರೆ ಇವರು ನನ್ನ ಜೊತೆ ಮಾತು ಬಿಡುತ್ತಾರೆ. ಬಿಡಲಿ. ಮಾತು ಬಿಡುವುದಕ್ಕಾದರೂ ಬದುಕಿರಬೇಕಲ್ಲ.

ಅವತ್ತು ಗಾಳಿ ಮೆಲ್ಲಗಿತ್ತು. ವಾಹೀದ ಕಂಬದ ಬುಡದ ಬಾಗಿಲಲ್ಲಿ ಕುಳಿತು ಮೊದಲು ಕೆಪ್ಯಾಸಿಟರ್ ಫ್ಯಾನಿನ ಕರೆಂಟು ಕಡಿದರು. ಮೂರೂ ರೆಕ್ಕೆ ಒಟ್ಟಿಗೆ ಹೊರಳಿದವು, ಫ್ಯಾನು ಸುಮ್ಮನಾಯಿತು. ನಾನು ಇವರ ಮುಖ ನೋಡಿದೆ, ಇವರು ನನ್ನ ಕಡೆ ತಿರುಗಲಿಲ್ಲ. ಆಮೇಲೆ ಬ್ಯಾಟರಿಯದು. ಎರಡು ರೆಕ್ಕೆ ಹೊರಳಿದವು. ಮೂರನೆಯದು ಚೂರು ಅಲುಗಿ ಅಲ್ಲೇ ನಿಂತುಬಿಟ್ಟಿತು. ಉಳಿದೆರಡರ ಪುಣ್ಯದಿಂದ ಫ್ಯಾನು ತಡವಾಗಿ ನಿಂತಿತು. ಮುಂಜಾನೆ ಬುಡದ ಮೀಟರಿನಲ್ಲಿ ನೋಡಿದಾಗ ಮೂರೂ ಪೆಟ್ಟಿಗೆ ಫುಲ್ ಇದ್ದವು ಎಂದು ಇವರು ತಡವರಿಸಿದರು.

“ಹಳೇ ಬ್ಯಾಟರಿದು ಅದ ಆಟ ನೋಡ್ರಿ ಮಾಂತೇಶಣ್ಣ,” ಎಂದರು ವಾಹೀದ. “ಸುಮ್ನ ಕುಂತಾಗ ಫುಲ್ ತೋರಸ್ತೈತಿ, ಭಾರ ಬಿದ್ದಾಗ ಕುಸೀತೈತಿ. ಕೆಪ್ಯಾಸಿಟರ್ ಹಂಗಲ್ಲ. ಒಳಗ ಎಷ್ಟು ಉಳದೈತಿ ಅಂತ ಮೀಟರ್ ನೋಡಿದ್ರ ಗೊತ್ತಾಗತೈತಿ.”

ಆ ಪೆಟ್ಟಿಗೆಯನ್ನು ಮೇಲೆ ಹೋಗಿ ನೋಡಬೇಕೆಂದು ಮಾತಾಯಿತು. ಇವರು ಸೊಂಟಕ್ಕೆ ಬೆಲ್ಟು ಬಿಗಿದು ಕಂಬದೊಳಗಿನ ಏಣಿಯ ಮೇಲೆ ಕಾಲಿಟ್ಟರು. ನಾನಿನ್ನೂ ಹೇಳಿಯೇ ಇರಲಿಲ್ಲ. ಈಗಲಾದರೂ ಹೇಳಬೇಕೆಂದು ವಾಹೀದ ಅವರ ಕಡೆ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಇವರು ತಲೆ ಎತ್ತಿ ಮೇಲೆ ನೋಡಿದರು. ಆಮೇಲೆ ಕಾಲು ಕೆಳಗಿಟ್ಟು ಬೆಲ್ಟು ಬಿಚ್ಚಿದರು.

“ನಾ ಹತ್ತಂಗಿಲ್ರಿ ಸರ,” ಎಂದರು. “ಮ್ಯಾಲ ಹೋದ್ರ ತಲಿ ತಿರಗತೈತಿ. ಭಾಳ ದಿನ ಆತು. ಯಾರಿಗೂ ಹೇಳಿಲ್ರಿ, ಮನ್ಯಾಕಿಗೂ ಹೇಳಿಲ್ಲ. ನಾನೂ ಈ ಬ್ಯಾಟರಿ ಹಂಗ, ಕುಂತಾಗಷ್ಟ ಫುಲ್ ಅದೀನಿ.”

ವಾಹೀದ ಬಯ್ಯಲಿಲ್ಲ. ಬೆಲ್ಟನ್ನು ಇವರ ಕೈಯಿಂದ ತೆಗೆದುಕೊಂಡರು. ನಾಳೆಯೇ ಕೊಪ್ಪಳದ ದೊಡ್ಡ ದವಾಖಾನೆಗೆ ಹೋಗಿ ತೋರಿಸಬೇಕು, ಇನ್ನು ಕೆಳಗಿನ ಕೆಲಸ ಮಾತ್ರ, ಹತ್ತಲು ಬೇರೆಯವರಿದ್ದಾರೆ ಎಂದರು.

ಗೆದ್ದದ್ದು ನನ್ನ ಪಕ್ಷವೇ. ಆದರೆ ಕಂಬದ ನೆರಳಲ್ಲಿ ಕುಳಿತು, ಅರ್ಧ ರೊಟ್ಟಿಯನ್ನೂ ಮುಗಿಸಲಾರದೆ ಏಣಿಯ ಕಡೆಗೇ ನೋಡುತ್ತಿದ್ದ ಇವರನ್ನು ಕಂಡು ನನಗೆ ಅಳು ಬಂತು. ಮದುವೆಯಾದ ಹೊಸತರಲ್ಲೂ ಇವರ ಮೇಲೆ ಅಷ್ಟು ಪ್ರೀತಿ ಉಕ್ಕಿರಲಿಲ್ಲ.

ಗುಡ್ಡ ಇಳಿಯುವಾಗ ಇವರು ಮುಂದೆ, ನಾನು ಹಿಂದೆ. ನಮ್ಮ ಕಡೆ ಗಂಡ ಹೆಂಡತಿ ನಡೆಯುವುದೇ ಹಾಗೆ. ಅರ್ಧ ದಾರಿಯಲ್ಲಿ ಇವರು ನಿಂತು ಕೈ ಹಿಂದಕ್ಕೆ ಚಾಚಿದರು.

“ರೇಣುಕಾ, ಈಗ ತಿರಗಾಕತ್ತೈತಿ. ಹಿಡಕೋ.”

ಹಿಡಿದುಕೊಂಡೆ. ಎದುರಿಗೆ ಕುರಿ ಹೊಡೆದುಕೊಂಡು ಬರುತ್ತಿದ್ದ ನಮ್ಮೂರ ಪಕ್ಕೀರಪ್ಪ ನಮ್ಮನ್ನು ನೋಡಿ ನಿಂತ. ನಾಚಿಕೆಯಿಂದ ಕೈ ಬಿಡಿಸಿಕೊಳ್ಳಲು ನೋಡಿದೆ. ಇವರು ಬಿಡಲಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿದರು.

“ನನಗ ತಲಿ ತಿರಗತೈತಪ ಪಕ್ಕೀರಪ್ಪ,” ಎಂದರು. “ಅದಕ್ಕ ಹಿಡಕೊಂಡಾಳ.”

ಪಕ್ಕೀರಪ್ಪ ಕುರಿಗಳನ್ನು ಒತ್ತಟ್ಟಿಗೆ ಸರಿಸಿ ದಾರಿ ಬಿಟ್ಟ. ನಾವಿಬ್ಬರೂ ಜೋಡಿಯಾಗಿ ಊರೊಳಗೆ ನಡೆದೆವು.