ಅಳಿಸೂ ಕೀ ಇಲ್ಲದ ಕೀಬೋರ್ಡು

ಶುಕ್ರವಾರ ಹನ್ನೊಂದು ಗಂಟೆಗೆ ಚಂಪಕ್ಕ ನನ್ನ ಅಂಗಡಿಗೆ ಬಂದು, ಚೀಲದಿಂದ ಒಂದು ಕೀಬೋರ್ಡ್ ತೆಗೆದು ಮೇಜಿನ ಮೇಲೆ ಒಗೆದ್ಲು. ಸತ್ತ ನಂಗು ಮೀನು ಬಿದ್ದಾಂಗೆ ಬಿತ್ತು. ಚಪ್ಪಟೆ, ಸದ್ದಿಲ್ಲ.

"ದೇವಣ್ಣ, ಇದಕ್ಕೆ ಬಾಯಿಲ್ಲ. ಬಾಯಿ ಇದ್ದದ್ದು ಕೊಡಿ."

ಅಂಕೋಲೆ ಬಸ್‌ಸ್ಟ್ಯಾಂಡ್ ಹಿಂದೆ ನಾನು ಕಂಪ್ಯೂಟರ್ ರಿಪೇರಿ ಮಾಡೂಕೆ ಶುರು ಮಾಡಿ ಇಪ್ಪತ್ತು ವರ್ಷ ಆಯ್ತು. ಕಂಪ್ಯೂಟರಿನ ಒಳಗೆ ಇರುವೆ ಗೂಡು ನೋಡಿದ್ದೆ, ಹಲ್ಲಿ ಮೊಟ್ಟೆ ನೋಡಿದ್ದೆ, ಒಂದ್ಸಲ ಬಾಣಂತಿ ಇಲಿನ ನೋಡಿ ವಾಪಸ್ ಮುಚ್ಚಿ ಹದಿನೈದು ದಿವ್ಸ ಬಿಟ್ಟು ಬನ್ನಿ ಅಂತ ಕಳಿಸಿದ್ದೆ. ಆದ್ರೆ ಬಾಯಿ ಕೇಳ್ಕಂಡು ಬಂದವಳು ಇವಳೇ ಮೊದ್ಲು.

ಚಂಪಕ್ಕ ದೇವಬಾಗದವಳು. ಕಾರವಾರದಲ್ಲಿ ಮೀನು ಮಾರೂ ಹೆಂಗಸರದ್ದೊಂದು ಸಂಘ ಅದೆ, ಅಲ್ಲಿ ಇಪ್ಪತ್ತಾರು ವರ್ಷದಿಂದ ಟೈಪಿಸ್ಟ್. ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಸಂಘದ ಠರಾವಿನವರೆಗೆ ಎಲ್ಲಾ ಅವಳ ಬೆರಳಿಂದಲೇ ಆಗೂದು. ಕಲ್ತದ್ದು ಹಳೇ ಟೈಪಿಂಗ್ ಮಷಿನ್ ಮೇಲೆ. ಹಾಂಗಾಗಿ ಕಣ್ಣು ಕಾಗದದ ಮೇಲೆ, ಕಿವಿ ಬೆರಳಿನ ಮೇಲೆ. ಕಟ್ ಅಂದ್ರೆ ಅಕ್ಷರ ಬಿತ್ತು, ಅನ್ಲಿಲ್ಲ ಅಂದ್ರೆ ಬಿದ್ದಿಲ್ಲ. ಪರದೆ ನೋಡೂ ಅಭ್ಯಾಸ ಅವಳಿಗಿಲ್ಲ.

"ಇದು ಯಾರು ಕೊಟ್ಟದ್ದು?" ಅಂದೆ.

"ಭರತ. ಹೊಸ ಸೆಕ್ರೆಟ್ರಿ. ಹಳೇದು ಸದ್ದು ಮಾಡ್ತದೆ, ಅವನಿಗೆ ಫೋನಲ್ಲಿ ಮಾತಾಡೂಕೆ ಆಗೂದಿಲ್ಲ ಅಂತ ಎತ್ತಿ ಗುಜರಿಗೆ ಹಾಕ್ದ. ಈಗ ನನ್ನ ಬೆನ್ನ ಹಿಂದೆ ನಿಂತ್ಕಂಡು ಎಣಿಸ್ತಾನೆ. ಒಂದು ಪುಟಕ್ಕೆ ನಲವತ್ತು ಸಲ ಅಳಿಸ್ತಿರಲ್ಲ ಚಂಪಕ್ಕ, ವಯಸ್ಸಾಯ್ತಾ ಅಂತಾನೆ. ಸೋಮವಾರ ಸಭೆ ಅದೆ. ಎಲ್ಲರ ಎದುರು ಅವ ಹೇಳೂದು, ನಾ ಹೊಡೆಯೂದು. ಐದು ತಪ್ಪಿಗಿಂತ ಹೆಚ್ಚಾದ್ರೆ ನಾ ಕುರ್ಚಿ ಬಿಡ್ಬೇಕು. ಆಮೇಲೆ ಅವ ಫೋನಿಗೇ ಹೇಳ್ತಾನಂತೆ, ಅದೇ ಬರ್ಕಂತದಂತೆ."

"ಬಿಟ್ಬಿಡಿ ಮಾರಾಯ್ರೆ, ಎಂತ ಆಗೂದಿತ್ತು?"

ಅವಳು ನನ್ನ ಹ್ಯಾಂಗೆ ನೋಡಿದ್ಲು ಅಂದ್ರೆ, ಮೇಜಿನ ಮೇಲಿದ್ದ ಚಾ ತಣ್ಣಗಾಯ್ತು.

"ಬುಟ್ಟಿ ಹೊತ್ಕಂಡು ಬಾಂಗಡೆ ಮಾರೂಕೆ ನಂಗೆ ನಾಚ್ಕೆ ಇಲ್ಲ ದೇವಣ್ಣ. ನನ್ನ ಅವ್ವಿ ಮಾರಿದ್ಲು. ಆದ್ರೆ ತಪ್ಪು ಹೊಡೀತಾಳೆ ಅಂತ ಹೇಳಿಸ್ಕಂಡು ಆ ಕುರ್ಚಿಯಿಂದ ಏಳೂದಿಲ್ಲ. ಏಳಿಸ್ಲಿ ನೋಡ್ವಾ."

ಸರಿ. ನಾನು ಗೇಮ್ ಆಡೂರಿಗೆ ಅಂತ ತರಿಸಿಟ್ಟ ಒಂದು ಕೀಬೋರ್ಡ್ ತೆಗೆದೆ. ಇದ್ರಲ್ಲಿ ಒಂದೊಂದು ಕೀ ಕೆಳಗೂ ಒಂದೊಂದು ಸಣ್ಣ ಡಬ್ಬಿ ಇರ್ತದೆ, ಅದೇ ಸ್ವಿಚ್ಚು. ಬೇಕಾದ್ರೆ ಕಿತ್ತು ಬೇರೆ ಹಾಕ್ಬೌದು. ಅವಳ ಎದುರು ಮೂರು ನಮೂನೆ ಇಟ್ಟೆ.

"ಇದು ಕೆಂಪು. ಸೀದಾ ಇಳೀತದೆ, ಒದ್ದೆ ಮರಳಲ್ಲಿ ಕಾಲಿಟ್ಟಾಂಗೆ. ಸದ್ದು ಇಲ್ವೇ ಇಲ್ಲ. ಸೆಕ್ರೆಟ್ರಿಗೆ ಖುಷಿ ಆಗ್ತದೆ."

"ಮುಂದೆ."

"ಇದು ಕಂದು. ಮಧ್ಯ ಒಂದು ಸಣ್ಣ ಉಬ್ಬು ಸಿಕ್ತದೆ, ಬಾಳೆಗುಳಿ ಕ್ರಾಸಿನ ಹಂಪ್ ಹತ್ತಿದಾಂಗೆ. ನಿಮಗೂ ಗೊತ್ತಾಗ್ತದೆ, ಪಕ್ಕದವರಿಗೂ ತ್ರಾಸಿಲ್ಲ. ಆಫೀಸಲ್ಲಿ ಎಲ್ಲರೂ ಇದೇ ತಗಂತಾರೆ."

ಅವಳು ಅದನ್ನ ಕಿವಿಗೆ ಹಿಡಿದು ಎರಡು ಸಲ ಒತ್ತಿದ್ಲು. "ಇದು ಗಂಡನ ಎದುರು ಗೊಣಗೂ ಹೆಂಗಸಿನ ಹಾಂಗೆ ಅದೆ. ಹೇಳೂದಿದ್ರೆ ಸರೀ ಹೇಳ್ಬೇಕು. ಆ ನೀಲಿದು ಕೊಡಿ."

ನೀಲಿ ಒತ್ತಿದ್ಲು. ಕಟ್! ಅವಳ ಮೋರೆ ಅರಳ್ತು. ಇನ್ನೊಂದು ಒತ್ತಿದ್ಲು. ಕಟ್. ಮತ್ತೊಂದು. ಹುಬ್ಬು ಗಂಟು ಹಾಕ್ದ್ಲು.

"ಇದು ಸತ್ತದ್ದು."

"ಹೊಸಾದು ಚಂಪಕ್ಕ. ಇವತ್ತೇ ಪೊಟ್ಟಣ ಒಡದೆ."

"ಹೊಳೆಲಿ ಬಳಚು ಚಿಪ್ಪಿ ಆರಿಸಿದ್ರಾ ನೀವು ಯಾವಾಗಾದ್ರೂ? ಎರಡು ಚಿಪ್ಪಿ ಒಂದಕ್ಕೊಂದು ತಾಗಿಸಿದ್ರೆ ಜೀವ ಇದ್ದದ್ದು ಕಲ್ಲಿನಾಂಗೆ ಗಟ್ಟಿ ಹೇಳ್ತದೆ. ಸತ್ತದ್ದು, ಕೆಸರು ತುಂಬಿದ್ದು, ಪೊಳ್ಳು ಹೇಳ್ತದೆ. ಒಂದು ಸತ್ತದ್ದು ಸೇರಿದ್ರೆ ಇಡೀ ಸಾರು ಹಾಳು. ನಂಗೆ ಇದ್ರಲ್ಲಿ ಒಂದೊಂದೂ ಕೇಳಿ ಆರಿಸ್ಬೇಕು."

ನನ್ನ ಹತ್ರ ನೀಲಿ ಸ್ವಿಚ್ಚು ಇದ್ದದ್ದು ತೊಂಬತ್ತು. ಕೀಬೋರ್ಡಿಗೆ ಬೇಕಾದ್ದು ಎಂಬತ್ತೇಳು. ಅಷ್ಟನ್ನೂ ಒಂದು ಬಲೆಚೀಲಕ್ಕೆ ಸುರಿದು ಕೊಟ್ಟೆ. ಮನೆಗೆ ತಗಂಡು ಹೋಗಿ ಆರಿಸ್ಕಂಡು ಬರ್ತೆ ಅಂದ್ಲು. ಬಲೆಚೀಲಕ್ಕೆ ಹಾಕಿದ್ದೇ ತಪ್ಪು. ಅದು ನಂಗೆ ಶನಿವಾರ ಬೆಳಿಗ್ಗೆ ಏಳೂವರೆಗೆ ಗೊತ್ತಾಯ್ತು.

"ದೇವಣ್ಣ, ಅತ್ತೆ ಅದನ್ನ ಉಪ್ಪುನೀರಿಗೆ ಹಾಕಿದ್ದಾರೆ." ಫೋನಲ್ಲಿ ಚಂಪಕ್ಕನ ಸ್ವರ ಅಲ್ಲಾಡ್ಲಿಲ್ಲ.

ನಮ್ಮ ಕಡೆ ಬಳಚು ತಂದ್ರೆ ಮರಳು ಕಾರೂಕೆ ಅಂತ ಉಪ್ಪುನೀರಲ್ಲಿ ಬಿಡೂದು. ಚಂಪಕ್ಕನ ಅತ್ತೆ ನಾಗಮ್ಮನಿಗೆ ಎಂಬತ್ತಾಯ್ತು. ಕಣ್ಣಿಗೆ ಹೊಳೆ ಯಾವುದು ಸಮುದ್ರ ಯಾವುದು ಅಂತ ಅಂದಾಜು ಸಿಕ್ತದೆ, ಅಷ್ಟೇ. ಸಂಜೆ ಅಡುಗೆ ಮನೆಲಿ ಬಲೆಚೀಲ ಕೈಗೆ ಸಿಕ್ತು, ಅಲ್ಲಾಡ್ಸಿ ನೋಡ್ದ್ಲು, ಕಟಕಟ ಅಂತು, ಸೊಸೆ ಬಳಚು ತಂದಿದ್ದಾಳೆ ಅಂತ ಪಾತ್ರೆಗೆ ಸುರಿದು ಎರಡು ಮುಷ್ಟಿ ಉಪ್ಪು ಹಾಕಿ ಮುಚ್ಚಿಟ್ಟಿದ್ಲು. ಬೆಳಿಗ್ಗೆ ಒಂದೂ ಬಾಯಿ ಬಿಡಲಿಲ್ಲ ಅಂತ ಸೊಸೆಗೇ ಬೈದಳಂತೆ. ಯಾರ ಹತ್ರ ತಗಂಡೆ, ನಿಂಗೆ ಮೋಸ ಮಾಡಿದ್ದಾರೆ ಅಂತ.

"ಹೊಸ ಸ್ವಿಚ್ಚು ಬರೂದು ಬುಧವಾರ," ಅಂದೆ ನಾನು. "ಸೋಮವಾರಕ್ಕೆ ಬೇರೆ ಯಾವುದಾದ್ರೂ ಕೀಬೋರ್ಡ್ ಕೊಡ್ತೆ. ಸದ್ಯ ಸಂಭಾಳಿಸ್ಕಣಿ."

"ಬ್ಯಾಡ. ಸಿಹಿನೀರಲ್ಲಿ ಮೂರು ಸಲ ತೊಳ್ದೆ. ಅಂಗಳದಲ್ಲಿ ಚಾಪೆ ಮೇಲೆ ಒಣಗೂಕೆ ಹಾಕಿದ್ದೆ. ನಾಳೆ ಬನ್ನಿ."

ಭಾನುವಾರ ಸ್ಕೂಟರ್ ಹತ್ತಿ ಕಾಳಿ ಸೇತುವೆ ದಾಟಿ ದೇವಬಾಗಕ್ಕೆ ಹೋದೆ. ಅಂಗಳದಲ್ಲಿ ಒಂದು ಬದಿ ಸೋರೆ ಮೀನು, ಇನ್ನೊಂದು ಬದಿ ಸ್ವಿಚ್ಚು, ಮಧ್ಯ ಕುರ್ಚಿಲಿ ನಾಗಮ್ಮ, ಕೈಲಿ ಕೋಲು. ಕಾಗೆ ಓಡಿಸ್ತಾ ಇದ್ಲು. ಅಷ್ಟಾದ್ರೂ ಒಂದು ಗಿಡುಗ ಬಂದು ಒಂದು ಸ್ವಿಚ್ಚು ಎತ್ಕಂಡು ಹೋಗಿತ್ತು. ಈಗಲೂ ದೇವಬಾಗದ ಗಾಳಿಮರದ ಮೇಲೆ ಮಧ್ಯಾಹ್ನ ಕಟ್ ಕಟ್ ಅಂತ ಕೇಳ್ತದೆ. ನಂಬ್ಲಿಕ್ಕಾಗದವ್ರು ಹೋಗಿ ಕೇಳ್ಬೌದು, ನಾ ಬ್ಯಾಡ ಅನ್ನೂದಿಲ್ಲ.

ಒಣಗಿದ ಸ್ವಿಚ್ಚು ಒತ್ತಿ ನೋಡ್ದೆ. ಬೆಚ್ಚಿಬಿದ್ದೆ. ಉಪ್ಪು ಹಾಕಿ ಒಣಗಿಸಿದ್ದು ಯಾವುದಾದ್ರೂ ನಮ್ಮ ಕಡೆ ಜೋರೇ ಆಗ್ತದೆ. ಮೀನಾದ್ರೆ ವಾಸನೆ, ಇದು ಸದ್ದು.

ನಾನು ಮೀಟರ್ ಹಚ್ಚಿ ಒಂದೊಂದೇ ಪರೀಕ್ಷೆ ಮಾಡೂಕೆ ಕೂತೆ. ನಾಗಮ್ಮ ಕೇಳ್ದ್ಲು, "ಅಗೊ ಚಂಪಾ, ಇವ ಎಂತ ಮಾಡ್ತಾ ಕೂತಿದ್ದಾ?"

"ಜೀವ ಅದ್ಯಾ ಅಂತ ನೋಡ್ತಿದ್ದಾರೆ ಅತ್ತೆ."

"ಅದಕ್ಕೆ ಮಿಷನ್ ಯಾಕೆ? ಇತ್ಲಾಗೆ ಕೊಡು."

ಒಂದೊಂದೇ ಕಿವಿ ಹತ್ರ ಹಿಡಿದು ಒತ್ತಿದ್ಲು. ಜೀವ ಅದೆ, ಜೀವ ಅದೆ, ಸತ್ತದೆ, ಜೀವ ಅದೆ, ಇದು ಸಾಯ್ತಾ ಅದೆ. ಅವಳು ಸತ್ತದೆ ಅಂದದ್ದನ್ನೆಲ್ಲಾ ನಾನು ಮೀಟರಲ್ಲಿ ನೋಡ್ದೆ. ಒಂದೂ ತಪ್ಪಿರಲಿಲ್ಲ. ಸಾಯ್ತಾ ಅದೆ ಅಂದದ್ದು ನನ್ನ ಕೈಯಲ್ಲೇ ಸತ್ತೋಯ್ತು. ಕಡೆಗೆ ನಾ ಮೀಟರ್ ಕಟ್ಟಿಟ್ಟು ಗಂಜಿ ಉಣ್ಣೂಕೆ ಕೂತೆ.

ಜೀವ ಇದ್ದದ್ದು ಅರವತ್ತೊಂದು. ನನ್ನ ಹತ್ರ ಕೆಂಪು ಇದ್ದದ್ದು ಇಪ್ಪತ್ತನಾಲ್ಕು. ಅಲ್ಲಿಗೆ ಎಂಬತ್ತೈದು. ಎರಡು ಕಡಿಮೆ.

"ಅಕ್ಷರ, ಅಂಕಿ, ಸ್ಪೇಸ್, ಎಂಟರ್ ಎಲ್ಲಾ ನೀಲಿ," ಅಂದ್ಲು ಚಂಪಕ್ಕ. "ಮೇಲಿನ ಸಾಲು, ಬದಿದು ಎಲ್ಲಾ ಕೆಂಪು. ಅದು ಸೆಕ್ರೆಟ್ರಿ ಪಾಲು."

"ಆ ಸ್ಕ್ರೋಲ್ ಲಾಕ್, ಅದ್ರ ಪಕ್ಕದ್ದು, ಎರಡೂ ಖಾಲಿ ಬಿಡ್ವಾ. ಅದನ್ನ ಮುಟ್ಟಿದವ್ರು ಈ ಜಿಲ್ಲೆಲೇ ಇಲ್ಲ."

"ಅದಕ್ಕೆ ಸ್ವಿಚ್ ಹಾಕಿ. ಅಳಿಸೂ ಕೀ ಎರಡು ಅದೆಯಲ್ಲ, ಬ್ಯಾಕ್‌ಸ್ಪೇಸು, ಡಿಲೀಟು. ಅದು ಖಾಲಿ ಬಿಡಿ."

ನಂಗೆ ಗಂಜಿ ನೆತ್ತಿಗೆ ಹತ್ತಿತು. "ಚಂಪಕ್ಕ, ತಲೆ ಸಮ ಅದ್ಯಾ? ತಪ್ಪಾದ್ರೆ ಎಂತ ಮಾಡ್ತಿರಿ?"

"ನಾ ಮಷಿನ್ ಮೇಲೆ ಕಲ್ತವಳು. ಅಲ್ಲಿ ಅಳಿಸೂದು ಅಂತ ಇಲ್ಲ. ತಪ್ಪಿದ್ರೆ ಎಲ್ಲರಿಗೂ ಕಾಣ್ಲಿ. ನಲವತ್ತು ಸಲ ಅಳಿಸ್ತೆ ಅಂತ ಎಣಿಸಿದ್ನಲ್ಲ, ಸೋಮವಾರ ಎಣಿಸ್ಲಿ."

ನಾಗಮ್ಮ ಕೋಲು ನೆಲಕ್ಕೆ ಕುಟ್ಟಿದ್ಲು. "ಹಾಂಗೇ ಮಾಡು." ಏನು ಅಂತ ಅವಳಿಗೆ ಗೊತ್ತಾಗಿತ್ತೋ ಇಲ್ವೋ, ನಾ ಕೇಳೂಕೆ ಹೋಗ್ಲಿಲ್ಲ.

ಸೋಮವಾರ ಅಂಗಡಿ ಮುಚ್ಚಿ ನಾನೂ ಕಾರವಾರಕ್ಕೆ ಹೋದೆ. ಸಂಘದ ಹಾಲಲ್ಲಿ ನಲವತ್ತು ಹೆಂಗಸ್ರು, ಬುಟ್ಟಿ ಎಲ್ಲಾ ಜಗಲಿ ಮೇಲೆ. ಅಧ್ಯಕ್ಷೆ ಮಂಗಲಾ ಮಧ್ಯದಲ್ಲಿ. ಅವಳೂ ಮೀನು ಮಾರೂಳೇ, ಬೆಳಿಗ್ಗೆ ವ್ಯಾಪಾರ ಮುಗಿಸಿ ಬಂದು ಕೂತಿದ್ಲು. ಭರತ ಇಸ್ತ್ರಿ ಅಂಗಿ ಹಾಕ್ಕಂಡು ಕಾಗದ ಹಿಡ್ಕಂಡು ನಿಂತಿದ್ದ.

ಚಂಪಕ್ಕ ಕೀಬೋರ್ಡ್ ಹಚ್ಚಿ, ಸೆರಗು ಸಿಕ್ಕಿಸಿ, ಗೋಡೆ ಕಡೆ ಕಣ್ಣಿಟ್ಟು ಕೂತ್ಲು. "ಹೇಳಿ. ನೀವು ಹೇಳಿದ್ದು ಹೇಳ್ದಾಂಗೇ ಬೀಳ್ತದೆ."

"ಈ ದಿವಸ ಸಂಘದ ಕಾರ್ಯಾಲಯದಲ್ಲಿ ಸೇರಿದ ಸರ್ವ ಸದಸ್ಯರ ಸಭೆಯಲ್ಲಿ," ಅಂತ ಭರತ ಶುರು ಮಾಡ್ದ. ಬೇಕಂತಲೇ ಜೋರು ಓದ್ದ.

ಕಟಕಟಕಟಕಟ ಕಟಕಟ ಕಟಾರ್.

ಹಾಲಿನ ಫ್ಯಾನ್ ಒಂದು ಗಳಿಗೆ ನಿಂತು ಮತ್ತೆ ತಿರುಗ್ತು. ಭರತನ ಕೈಲಿದ್ದ ಕಾಗದ ಜಾರ್ತು. "ಎಂತ ಸದ್ದು ಇದು! ಅಧ್ಯಕ್ಷರೇ, ಇದ್ರಲ್ಲಿ ಯಾರಿಗಾದ್ರೂ ಮಾತು ಕೇಳ್ತದಾ?"

"ಎಂತ ಸದ್ದು?" ಅಂದ್ಲು ಮಂಗಲಾ. ಮೂವತ್ತು ವರ್ಷ ಮೀನು ಮಾರ್ಕೆಟಲ್ಲಿ ಕೂತವಳು. ಉಳಿದವ್ರೂ ಒಬ್ಬರ ಮೋರೆ ಒಬ್ಬರು ನೋಡ್ಕಂಡ್ರು. ಯಾರಿಗೂ ಯಾವ ಸದ್ದೂ ಕೇಳಿರಲಿಲ್ಲ.

ಕೇಳಿದ್ದು ಬೆಕ್ಕಿಗೆ. ಬುಟ್ಟಿಯಿಂದ ಬಳಚು ಸುರಿದ್ರೆ ಹ್ಯಾಂಗೆ ಕೇಳ್ತದೋ ಈ ಸದ್ದೂ ಹಾಂಗೇ ಇತ್ತಲ್ಲ. ಮೊದ್ಲು ಎರಡು ಬಂತು. ಠರಾವಿನ ಎರಡನೇ ಕಲಮಿಗೆ ಮಾರ್ಕೆಟಿನ ಬೆಕ್ಕೆಲ್ಲಾ ಹಾಲಿನಲ್ಲಿತ್ತು. ಮೂವತ್ತೇಳು ಅಂತ ನಾ ಎಣಿಸಿದ್ದು. ಮೂವತ್ತಾರಿರಬೌದು, ಒಂದು ಎರಡೂ ಬಾಗಿಲಿಂದ ಬಂತೋ ಎಂತದೋ. ಎಲ್ಲಾ ಬಂದು ಭರತನ ಕಾಲ ಸುತ್ತ ಕೂತ್ವು. ಬುಟ್ಟಿ ಅವನ ಹತ್ರನೇ ಅದೆ ಅಂತ ಅವಕ್ಕೆ ಖಾತ್ರಿ.

"ಮೀನು ಒಣಗಿಸುವ ಕಟ್ಟೆಯ ದುರಸ್ತಿಗೆ... ಥೂ, ಹೋಗು! ಹಚಾ! ನನ್ನ ಪ್ಯಾಂಟು ಬಿಡು!"

ಕಟಕಟಕಟ. ಚಂಪಕ್ಕ ಗೋಡೆ ನೋಡ್ತಾ ಹೊಡೀತಾನೇ ಇದ್ಲು.

"ಚಂಪಕ್ಕ, ಅದನ್ನ ಯಾಕೆ ಹೊಡೀತಿರಿ? ಅಳಿಸಿ!"

ಕಟಕಟಕಟ. ಅದೂ ಬಿತ್ತು.

"ಅಳಿಸಿ ಅಂದೆ!"

ಅವಳು ಬೆರಳು ಎತ್ತಿ ಎರಡು ಖಾಲಿ ತೂತು ತೋರಿಸಿದ್ಲು. "ಆ ಕೀ ಇಲ್ಲ. ನಂಗೆ ಬೇಕಾಗೂದಿಲ್ಲ." ಮತ್ತೆ ಕೈ ಇಟ್ಲು.

ಭರತನ ಮೋರೆ ಸೀಗಡಿ ಬೆಂದಾಂಗೆ ಕೆಂಪಾಯ್ತು. ಒಂದು ಬೆಕ್ಕು ಅವನ ಹೆಗಲಿಗೆ ಹತ್ತಿತ್ತು. "ಸಾಕು ಮಾರಾಯ್ತಿ! ನೀವೇ ಕೂತ್ಕಣಿ ಆ ಕುರ್ಚಿಲಿ, ನಿಮಗೆ ಬೇಕಾದಷ್ಟು ವರ್ಷ! ಈ ಬೆಕ್ಕನ್ನೊಂದು ಆಚೆ ಹಾಕಿ!"

ಕಟಕಟಕಟ ಕಟಕಟ. ಎಂಟರ್. ಕಟಾರ್.

ಆಮೇಲೆ ಪ್ರಿಂಟು. ಮಂಗಲಾ ಕನ್ನಡಕ ಹಾಕ್ಕಂಡು ಮೊದಲಿಂದ ಕಡೇವರೆಗೆ ಓದಿದ್ಲು. ಒಂದು ಒತ್ತಕ್ಷರ ಆಚೀಚೆ ಆಗಿರಲಿಲ್ಲ. ಪ್ಯಾಂಟಿನ ಹತ್ರ ಬಂದಾಗ ಹೆಂಗಸ್ರು ಸೆರಗು ಬಾಯಿಗೆ ಹಿಡಿದ್ರು. ಕುರ್ಚಿ ಹತ್ರ ಬಂದಾಗ ಯಾರೂ ನಗ್ಲಿಲ್ಲ.

"ಸೆಕ್ರೆಟ್ರಿ ಸೂಚಿಸಿದ ಠರಾವು," ಅಂದ್ಲು ಮಂಗಲಾ. "ಟೈಪಿಸ್ಟ್ ಚಂಪಾ ತನಗೆ ಬೇಕಾದಷ್ಟು ವರ್ಷ ಆ ಕುರ್ಚಿಲಿ ಕೂತ್ಕಳ್ಳೂದು. ಒಪ್ಪಿಗೆ ಇದ್ದವ್ರು ಕೈ ಎತ್ತಿ."

"ಅದು ಠರಾವಲ್ಲ! ನಾ ಸಿಟ್ಟಲ್ಲಿ ಹೇಳಿದ್ದು!" ಭರತ ಕೂಗ್ದ.

"ಹೇಳಿದ್ದು ನೀನೇ ಹೌದಲ್ಲ? ತಪ್ಪು ಎಷ್ಟು ಬಿದ್ದದೆ, ತೋರ್ಸು."

ಭರತ ಕಾಗದ ಇಸ್ಕಂಡು ಬೆರಳಿಟ್ಟು ಹುಡ್ಕಿದ. ಎರಡು ಸಲ ಹುಡ್ಕಿದ. ಅಷ್ಟರಲ್ಲಿ ನಲವತ್ತು ಕೈ ಮೇಲಿತ್ತು. ಮಂಗಲಾ ಕಾಗದ ವಾಪಸ್ ತಗಂಡು ಸಹಿ ಹಾಕಿ ಶಿಕ್ಕೆ ಹೊಡದ್ಲು. ಆ ಶಿಕ್ಕೆ ಸದ್ದು ಮಾತ್ರ ಭರತನಿಗೆ ಸರೀ ಕೇಳ್ತು.

ಬುಧವಾರ ಹೊಸ ಸ್ವಿಚ್ಚು ಬಂತು. ನಾ ಚಂಪಕ್ಕನಿಗೆ ಫೋನ್ ಮಾಡ್ದೆ. "ಎರಡು ನೀಲಿ ಎತ್ತಿಟ್ಟಿದ್ದೆ. ಅಳಿಸೂ ಕೀಗೆ ಯಾವಾಗ ಹಾಕೂದು?"

ಆ ಕಡೆಯಿಂದ ಕಟಕಟ ಕೇಳ್ತಾನೇ ಇತ್ತು. ಅದ್ರ ಮಧ್ಯ ಅವಳು ಹೇಳ್ದ್ಲು:

"ಆ ತೂತಿನ ಮೇಲೆ ಅತ್ತೆ ಎರಡು ಬಳಚಿನ ಚಿಪ್ಪಿ ಅಂಟಿಸಿ ಕೊಟ್ಟಿದ್ದಾರೆ ದೇವಣ್ಣ, ಚಂದ ಅದೆ. ಆ ಸ್ವಿಚ್ಚು ನಿಮ್ಮ ಹತ್ರನೇ ಇರ್ಲಿ. ಸೆಕ್ರೆಟ್ರಿಗೆ ಬೇಕಾಗ್ಬೌದು."